ವೀಸಾಕ್ಕೆಂದು ಕಟ್ಟಿಸಿಕೊಂಡ ಎದೆ

ಮಾರ್ಗರೆಟ್ ಪಾಯ್ಸ್ ತೀರಿಕೊಂಡದ್ದು ಎರಡು ಸಾವಿರದ ಎಂಟರ ಫೆಬ್ರವರಿಯಲ್ಲಿ, ಅಬುಧಾಬಿಯಲ್ಲಿ. ಆಗ ಅವಳಿಗೆ ನಲವತ್ತೇಳು. ಕೊನೆಯ ಎರಡು ತಿಂಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಕ್ಯಾನ್ಸರು ಕೊನೆಯಲ್ಲಿ ಎಲ್ಲರನ್ನೂ ಒಂದೇ ತರಹ ಮಾಡಿಬಿಡುತ್ತದೆ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲು ಅವಳು ಪಟ್ಟ ಪಾಡು ಅವಳೊಬ್ಬಳದೇ ಆಗಿತ್ತು.

ಅವಳು ಶಿರ್ವದ ಹೆಂಗಸು. ಎಂಬತ್ತೊಂಬತ್ತರಲ್ಲಿ ಒಂದು ಹೋಟೆಲಿನ ಲಿನನ್ ರೂಮಿಗೆ ಬಂದವಳು. ಆರು ಮಹಡಿಯ ಹಾಸಿಗೆ ಬಟ್ಟೆ, ಟವೆಲು, ಕೆಲಸದವರ ಯೂನಿಫಾರ್ಮು ಎಲ್ಲ ಅವಳ ಕೈಯಿಂದಲೇ ಮೇಲೆ ಹೋಗಿ ಅವಳ ಕೈಗೇ ಮರಳಬೇಕು. ಗಂಡ ಹ್ಯೂಬರ್ಟ್ ಒಂದು ಕಂಪನಿಯ ಗೋದಾಮಿನಲ್ಲಿ ಸ್ಟೋರ್ ಕೀಪರ್. ಮಗಳು ನತಾಶಾ ಆ ಪಾಡಿನ ಹೊತ್ತಿಗೆ ಒಂಬತ್ತನೆಯ ಕ್ಲಾಸು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ರೇಡಿಯೋ, ಕ್ಯಾಮೆರಾ ಮಾರುವ ಅಂಗಡಿಯ ಮೇಲಿನ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಒಂದು ರೂಮು ಇವರದು, ಇನ್ನೊಂದು ಮೈಸೂರಿನ ಕೋಕಿಲಾ ಮತ್ತವಳ ಗಂಡನದು. ಅಡಿಗೆಮನೆ ಒಂದೇ, ಬಚ್ಚಲು ಒಂದೇ, ಬಟ್ಟೆ ಒಗೆಯುವ ಮೆಷಿನೂ ಒಂದೇ, ಅದಕ್ಕೆ ವಾರದ ದಿನಗಳನ್ನು ಹಂಚಿಕೊಂಡಿದ್ದರು. ಅಂಥ ಶೇರಿಂಗಿನಲ್ಲಿ ಹತ್ತು ವರ್ಷ ಕಳೆದ ಮೇಲೆ ಯಾರ ಕೆಮ್ಮು ಯಾರದೆಂದು ಗೋಡೆಯಾಚೆಯಿಂದಲೇ ತಿಳಿಯುತ್ತದೆ. ಮಾರ್ಗರೆಟ್ ಕೂತು ಊಟ ಮಾಡಿದ್ದನ್ನು ಕೋಕಿಲಾ ಕಂಡದ್ದು ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತ ಉಣ್ಣುವವಳು ಅವಳು.

ಎರಡು ಸಾವಿರದ ಮೂರರ ಜೂನಿನಲ್ಲಿ ಅವಳ ಎಡ ಮೊಲೆಯನ್ನು ತೆಗೆದರು. ನವೆಂಬರ್‌ವರೆಗೆ ಕೀಮೋ. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ಆದರೂ ಆ ಆರು ತಿಂಗಳನ್ನು ಅವಳು ಅಷ್ಟೇನೂ ತಳಮಳವಿಲ್ಲದೆ ದಾಟಿದಳು. ಆಸ್ಪತ್ರೆಯಲ್ಲಿ ನಿನಗೇನು ಬೇಕು ಎಂದು ಯಾರೂ ಕೇಳಿರಲಿಲ್ಲ. ಬಾ ಎಂದರೆ ಹೋಗುವುದು, ಮಲಗು ಎಂದರೆ ಮಲಗುವುದು. ಹೋಟೆಲಿನಲ್ಲಿ ಗಡ್ಡೆಯ ಆಪರೇಶನ್ ಎಂದಷ್ಟೇ ಹೇಳಿದ್ದಳು. ಮತ್ತೆ ಕೆಲಸಕ್ಕೆ ಹೋಗುವಾಗ ಮುಖ ಒರೆಸುವ ಟವೆಲೊಂದನ್ನು ಮಡಚಿ ಎಡಬದಿಗೆ ಇಟ್ಟುಕೊಂಡಳು. ಮೇಲಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

ತಳಮಳ ಶುರುವಾದದ್ದು ಡಿಸೆಂಬರಿನ ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಇಗರ್ಜಿಯ ಅಂಗಳದಲ್ಲಿ. ಪೂಜೆ ಮುಗಿದ ಮೇಲೆ ನಾಲ್ಕಾರು ಮಂದಿ ನಿಂತು ಮಾತಾಡುತ್ತಿದ್ದರು. ಗಲ್ಫಿನಲ್ಲಿ ಇಪ್ಪತ್ತು ವರ್ಷ ಕಳೆದವರೆಲ್ಲ ವೀಸಾದ ವಿಷಯದಲ್ಲಿ ವಕೀಲರೇ, ಅದರಲ್ಲೂ ಆಗಸ್ಟಿನ್ ದೊಡ್ಡ ವಕೀಲ. ವೀಸಾ ಹೊಸದು ಮಾಡುವಾಗ ಪ್ರತಿ ಸಲವೂ ಎದೆಯ ಎಕ್ಸ್‌ರೇ ತೆಗೆಯುತ್ತಾರಲ್ಲ, ಅದರಲ್ಲಿ ಏನೋ ಕಂಡಿತೆಂದು ಮುಸಫ್ಫಾದ ಯಾರನ್ನೋ ವಾರದೊಳಗೆ ವಿಮಾನ ಹತ್ತಿಸಿದ ಕತೆಯನ್ನು ಅವನು ಹೇಳುತ್ತಿದ್ದ. ಮಾರ್ಗರೆಟಿನ ರೋಗ ಅವನಿಗೆ ಗೊತ್ತಿರಲಿಲ್ಲ.

"ಒಂದು ಬದಿ ಹೀಗೆ, ಇನ್ನೊಂದು ಬದಿ ಹಾಗೆ ಕಂಡ್ರೆ ಖಲಾಸ್ ಮಾರಾಯ್ರೆ. ಎಂತ ಅಂತ ಕೇಳುದೂ ಇಲ್ಲ."

ಮಾರ್ಗರೆಟಿನ ವೀಸಾ ಏಪ್ರಿಲ್ ಕೊನೆಗೆ ಮುಗಿಯುವುದಿತ್ತು. ಅವಳನ್ನು ವಾಪಸು ಕಳಿಸಿದರೆ ನತಾಶಾ ಮಂಗಳೂರಿನ ಯಾವುದೋ ಬೋರ್ಡಿಂಗಿಗೆ, ಹ್ಯೂಬರ್ಟ್ ಯಾವುದೋ ಬ್ಯಾಚುಲರ್ ರೂಮಿನ ಮಂಚಕ್ಕೆ. ಆ ದಿನ ಅವಳು ಮನೆಗೆ ಟ್ಯಾಕ್ಸಿ ಹಿಡಿಯದೆ ನಡೆದೇ ಬಂದಳು, ಬಂದು ಅಡಿಗೆಮನೆಯಲ್ಲಿಯೂ ನಡೆದಳು.

ಹೋಟೆಲಿನ ಆಫೀಸಿನಲ್ಲಿ ಒಂದು ಮಾತು ಕೇಳಬಹುದಿತ್ತು. ಆದರೆ ಆ ಊರಿನಲ್ಲಿ ನಮ್ಮವರು ಇಂಥದ್ದನ್ನು ಆಫೀಸಿನಲ್ಲಿ ಕೇಳುವುದಿಲ್ಲ. ಕೇಳಿದರೆ ಕೇಳಿದವರು ಯಾರೆಂದು ಗೊತ್ತಾಗುತ್ತದೆ. ಅದರ ಬದಲು, ಕೇಳಿದವರನ್ನು ಬಲ್ಲವರನ್ನು ಕೇಳುತ್ತಾರೆ. ಮಾರ್ಗರೆಟ್ ಅದನ್ನೂ ಮಾಡಲಿಲ್ಲ. ಕಳೆದುಹೋದದ್ದನ್ನು ಏಪ್ರಿಲಿನೊಳಗೆ ಇದ್ದ ಜಾಗದಲ್ಲಿ ಇಟ್ಟುಬಿಡುವುದೆಂದು ತೀರ್ಮಾನಿಸಿದಳು.

ದುಬೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೈರೂತಿನ ಕಡೆಯ ಒಬ್ಬ ಡಾಕ್ಟರು ಇದ್ದರು, ಹೆಂಗಸು. ಅವರು ನಿಧಾನದವರು. ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಹೊಸ ಮೊಲೆ ಕಟ್ಟುವುದೊಂದು ದಾರಿ. ಎದೆಯ ಸ್ನಾಯುವಿನ ಕೆಳಗೆ ಖಾಲಿ ಚೀಲವೊಂದನ್ನಿಟ್ಟು, ವಾರವಾರವೂ ಉಪ್ಪುನೀರು ತುಂಬಿಸಿ ಚರ್ಮ ಹಿಗ್ಗಿಸಿ, ಕೊನೆಗೆ ಚೀಲ ತೆಗೆದು ಸಿಲಿಕೋನ್ ಇಡುವುದು ಇನ್ನೊಂದು. ಏನೂ ಮಾಡದೆ ಇರುವುದು ಮೂರನೆಯದು, ಅದೂ ಒಂದು ದಾರಿಯೇ ಎಂದರು. ಫೋಟೋಗಳ ಆಲ್ಬಮ್ ಕೊಟ್ಟು, ಮನೆಗೆ ಹೋಗಿ ಆರು ತಿಂಗಳು ಯೋಚಿಸಿ ಬನ್ನಿ ಎಂದರು. ಮಾರ್ಗರೆಟ್ ಆಲ್ಬಮ್ ತೆರೆಯಲೇ ಇಲ್ಲ. ಬೇಗ ಆಗುವುದು ಯಾವುದು ಎಂದು ಕೇಳಿದಳು.

ಇಷ್ಟು ಅವಸರವೇಕೆ, ಮನೆಯಲ್ಲಿ ಮದುವೆಯೇ ಎಂದು ಡಾಕ್ಟರು ನಕ್ಕರು. ಹೌದು ಎಂದಳು ಮಾರ್ಗರೆಟ್. ತಂಗಿಯ ಮದುವೆ, ಏಪ್ರಿಲಿನಲ್ಲಿ. ಅವಳಿಗೆ ತಂಗಿಯೇ ಇರಲಿಲ್ಲ.

ಹ್ಯೂಬರ್ಟಿಗೆ ಹೇಳಿದಾಗ ಅವನು ಟೀವಿಯ ಸದ್ದು ಕಡಿಮೆ ಮಾಡಿ, "ನನಗೆ ಅದೆಲ್ಲ ಬೇಕಂತ ಇಲ್ಲ ಮ್ಯಾಗಿ. ನೀನಿದ್ರೆ ಸಾಕು" ಎಂದ.

"ನಿಮಗೆ ಬೇಕಾ ಅಂತ ಯಾರು ಕೇಳಿದ್ದು? ವೀಸಾಕ್ಕೆ ಬೇಕು."

ಅವನು ಆಗಸ್ಟಿನನ ಮಾತು ಸುಳ್ಳೆಂದು ಹೇಳಲಾರದೆ ಹೋದ. ಅವನಿಗೂ ಅದು ನಿಜವಿರಬಹುದು ಎನಿಸಿಬಿಟ್ಟಿತ್ತು. ಕೋಕಿಲಾಳಿಗೆ ವೀಸಾದ ಸುದ್ದಿಯನ್ನು ಅವಳು ಹೇಳಲೇ ಇಲ್ಲ, ನನಗೇ ಬೇಕಾಗಿದೆ ಎಂದಳು. ಕೋಕಿಲಾ ಅದನ್ನು ನಂಬಿ, ಒಳ್ಳೆಯದೇ ಆಯಿತೆಂದು ಹುರುಪು ತುಂಬಿದಳು.

ಜನವರಿಯಲ್ಲಿ ಚೀಲ ಇಟ್ಟರು. ಎರಡು ವಾರ ಪಕ್ಕೆಗೆ ನಳಿಗೆ. ಕೋಕಿಲಾ ಅದರಲ್ಲಿ ಇಳಿದ ನೀರು ಅಳೆದು ಚೀಟಿಯಲ್ಲಿ ಬರೆದಿಡುವಳು. ಮಾರ್ಗರೆಟ್ ತಲೆ ಬಾಚಲು ಕೈ ಎತ್ತಲಾರಳು, ಆದರೂ ಮಲಗಿರಲಾರಳು. ಆಮೇಲೆ ಗುರುವಾರ ಗುರುವಾರ ಬಸ್‌ಸ್ಟ್ಯಾಂಡಿನಿಂದ ಶೇರ್ ಟ್ಯಾಕ್ಸಿ ಹಿಡಿದು ದುಬೈಗೆ. ಡಾಕ್ಟರು ಒಂದು ಸಣ್ಣ ಅಯಸ್ಕಾಂತದಿಂದ ಚರ್ಮದ ಕೆಳಗಿರುವ ಚೀಲದ ಬಾಯಿಯನ್ನು ಹುಡುಕಿ, ಸೂಜಿ ಚುಚ್ಚಿ ನೀರು ತುಂಬಿಸುವರು. ಊರಿಗೆ ಹೊರಡುವವರು ಹಿಡಿಸದಷ್ಟು ತುರುಕಿದ ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ ಎಳೆಯುತ್ತಾರಲ್ಲ, ಎದೆ ಹಾಗಿದೆ ಎಂದು ಅವಳು ಕೋಕಿಲಾಳಿಗೆ ಹೇಳಿದಳು. ಪ್ರತಿ ಸಲವೂ ಡಾಕ್ಟರು ಮದುವೆಯ ತಯಾರಿ ಎಲ್ಲಿಗೆ ಬಂತೆಂದು ಕೇಳುವರು. ಮಾರ್ಗರೆಟ್ ಹುಡುಗನಿಗೆ ಮಸ್ಕತ್ತಿನಲ್ಲಿ ಕೆಲಸ ಕೊಟ್ಟಳು. ಮುಂದಿನ ವಾರ ಮದುವೆಯ ಹಿಂದಿನ ದಿನ ರೋಸ್ ಹಾಕುವ ಶಾಸ್ತ್ರದ ವರ್ಣನೆ ಮಾಡಿದಳು, ತೆಂಗಿನ ಹಾಲನ್ನು ತಲೆಗೆ ಸುರಿಯುತ್ತಾರೆಂದು ಕೇಳಿ ಡಾಕ್ಟರು ಸೂಜಿ ಹಿಡಿದೇ ನಕ್ಕರು. ವಾಪಸು ಬರುವ ದಾರಿಯುದ್ದಕ್ಕೂ ಮುಂದಿನ ವಾರಕ್ಕೆ ಏನು ಹೇಳಲಿ ಎಂಬುದೇ ಅವಳ ಚಿಂತೆ. ನನಗಿದು ಬೇಕೇ ಎಂಬ ಚಿಂತೆಗೆ ಅಲ್ಲಿ ಜಾಗವಿರಲಿಲ್ಲ.

ಏಪ್ರಿಲ್ ಎರಡನೆಯ ವಾರ ವೀಸಾ ಮೆಡಿಕಲ್. ಹೆಂಗಸರ ಬದಿಯಲ್ಲಿ ಉದ್ದ ಸಾಲು. ಗೌನು ತೊಟ್ಟು, ಯಂತ್ರಕ್ಕೆ ಎದೆಯೊತ್ತಿ, ಉಸಿರು ಹಿಡಿದು ಬಂದಳು. ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಹೆಸರು ಕರೆದರು. ಸಾಲಿನಲ್ಲಿದ್ದ ಅಷ್ಟೂ ಜನರಲ್ಲಿ ಅವಳೊಬ್ಬಳದೇ ಹೆಸರು. ಮತ್ತೊಂದು ಎಕ್ಸ್‌ರೇ. ಆಮೇಲೆ ಒಳಗಿನ ಕೋಣೆ.

ಅಲ್ಲಿ ತಲೆಗೆ ಕಪ್ಪು ಶೇಲಾ ಹೊದ್ದ ಡಾಕ್ಟರೊಬ್ಬರು ಬೆಳಕಿನ ಹಲಗೆಯ ಮೇಲೆ ಫಿಲ್ಮ್ ಸಿಕ್ಕಿಸಿದ್ದರು. ಎಡಗಡೆ, ಪಕ್ಕೆಲುಬುಗಳ ಮೇಲೆ, ಒಂದು ದಿರಹಂ ನಾಣ್ಯದಷ್ಟು ದೊಡ್ಡ ಬಿಳಿ ಬೊಟ್ಟು ಹೊಳೆಯುತ್ತಿತ್ತು. ಚೀಲದ ಬಾಯಿಗೆ ಹಾಕಿದ ಲೋಹ. ಕಾಣಬಾರದೆಂದು ಇಟ್ಟದ್ದೇ ಆ ಫಿಲ್ಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುತ್ತಿತ್ತು.

ಇದೇನು, ಕುತ್ತಿಗೆಯ ಪದಕ ತೆಗೆದಿಡಲಿಲ್ಲವೇ ಎಂದು ಅವರು ಕೇಳಿದರು. ಮಾರ್ಗರೆಟಿನ ಬಾಯಿಂದ ಒಮ್ಮೆಲೇ ಎಲ್ಲ ಬಂತು: ಜೂನು, ಕೀಮೋ, ಚೀಲ, ಮಗಳ ಶಾಲೆ, ದಯವಿಟ್ಟು ಕಳಿಸಬೇಡಿ. ಆ ಡಾಕ್ಟರು ಎದ್ದು ಬಾಗಿಲು ಮುಚ್ಚಿ ಬಂದು ಕೂತರು. ಅವರು ಹೇಳಿದ್ದು ಇಷ್ಟೇ: ತಾವು ಈ ಫಿಲ್ಮಿನಲ್ಲಿ ನೋಡುವುದು ಶ್ವಾಸಕೋಶವನ್ನು, ಕ್ಷಯ ಉಂಟೋ ಎಂದು. ಮೊಲೆ ಉಂಟೋ ಇಲ್ಲವೋ ಎಂದು ನೋಡಲು ತಮಗೆ ಯಾರೂ ಹೇಳಿಲ್ಲ. ಬೊಟ್ಟು ಏನೆಂದು ಗೊತ್ತಾಯಿತು, ಬರೆದುಕೊಂಡಾಯಿತು.

"ಖಲಾಸ್. ಮನೆಗೆ ಹೋಗು, ಸಿಸ್ಟರ್."

ವೀಸಾ ಹತ್ತು ದಿನಕ್ಕೆ ಬಂತು. ಹ್ಯೂಬರ್ಟ್ ಲಡ್ಡು ತಂದ. ಮಾರ್ಗರೆಟ್ ಪಾಸ್‌ಪೋರ್ಟಿನ ಆ ಪುಟವನ್ನು ನೋಡಿ ಮುಚ್ಚಿಟ್ಟಳು, ಅಂದಿನಿಂದ ಅವಳ ಓಡಾಟ ಇಮ್ಮಡಿಯಾಯಿತು. ಯಾವುದಕ್ಕಾಗಿ ಅಷ್ಟೆಲ್ಲ ಮಾಡಿಸಿಕೊಂಡಳೋ ಆ ಕಾರಣವೇ ಹೋಗಿತ್ತು, ಚೀಲ ಮಾತ್ರ ಒಳಗೆ ಕೂತಿತ್ತು.

ದುಬೈಗೆ ಹೋದಾಗ ಡಾಕ್ಟರು ಮದುವೆಯ ಫೋಟೋ ಕೇಳಿದರು. ಮಾರ್ಗರೆಟ್ ಚಪ್ಪಲಿ ನೋಡುತ್ತ, ಮದುವೆ ಇರಲಿಲ್ಲ, ತಂಗಿಯೂ ಇಲ್ಲ ಎಂದು ಹೇಳಿ ನಡೆದದ್ದನ್ನೆಲ್ಲ ಒಪ್ಪಿಸಿದಳು. ಬೈಯುತ್ತಾರೆಂದುಕೊಂಡಿದ್ದಳು. ಅವರು ಬೈಯಲಿಲ್ಲ. ತುಂಬಿಸಲು ತಂದ ಸೂಜಿಯನ್ನು ಟ್ರೇಗೆ ಮರಳಿಸಿದರು.

"ಹಾಗಾದರೆ ಅವಸರವಿಲ್ಲ," ಎಂದರು. "ಈಗ ಹೇಳಿ, ನಿಮಗೇನು ಬೇಕು?"

ಅವಳು ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಚೀಲವನ್ನು ಹಾಗೆಯೇ ವರ್ಷಗಟ್ಟಲೆ ಬಿಡುವಂತಿಲ್ಲ, ಸಿಲಿಕೋನ್ ಇಡಬೇಕು ಅಥವಾ ತೆಗೆಯಬೇಕು, ವರ್ಷ ಮುಗಿಯುವುದರೊಳಗೆ ಹೇಳಿ ಎಂದು ಕಳಿಸಿದರು. ಸಿಲಿಕೋನ್ ಇದಕ್ಕಿಂತ ಎಷ್ಟೋ ಮೆತ್ತಗಿರುತ್ತದೆ, ಈಗಿನ ಬಿಗಿತ ನೋಡಿ ತೀರ್ಮಾನಿಸಬೇಡಿ ಎಂದೂ ಹೇಳಿದರು.

ಆ ಬೇಸಿಗೆ ಅವಳು ಫೋನ್ ಮಾಡಿ ಸಿಲಿಕೋನಿಗೆ ದಿನ ಗೊತ್ತು ಮಾಡಿದಳು. ಎರಡು ದಿನ ಬಿಟ್ಟು ಬೇಡ ಎಂದಳು. ತೆಗೆಸಲು ದಿನ ಕೇಳಿದಳು, ಅದನ್ನೂ ಬೇಡ ಎಂದಳು. ಆಸ್ಪತ್ರೆಯ ಫೋನ್ ಎತ್ತುವ ಹುಡುಗಿಗೆ ಅವಳ ದನಿ ಗುರುತಾಗಿಬಿಟ್ಟಿತ್ತು, ಪಾಯ್ಸ್ ಮೇಡಮ್ ಇವತ್ತು ಯಾವುದು ಎಂದು ಕೇಳುವಳು. ಲಿನನ್ ರೂಮಿನಲ್ಲಿ ದೊಡ್ಡ ಹಾಸುಬಟ್ಟೆಯ ಎರಡು ಮೂಲೆ ಹಿಡಿದು ಕೈ ಅಗಲಿಸಿದರೆ ಎದೆಯೊಳಗೆ ಯಾರೋ ಹಗ್ಗ ಎಳೆದ ಹಾಗೆ. ಅದಕ್ಕೇ ನ್ಯಾಪ್ಕಿನ್ ಎಣಿಸುವ ಕೆಲಸ ತೆಗೆದುಕೊಂಡಿದ್ದಳು. ಕನ್ನಡಿಯಲ್ಲಿ ಮಾತ್ರ ಎರಡೂ ಬದಿ ಸಮ. ರವಿಕೆ ಸರಿಯಾಗಿ ಕೂರುತ್ತಿತ್ತು, ಅದು ಅವಳಿಗೆ ಇಷ್ಟವೂ ಆಗುತ್ತಿತ್ತು. ಆದರೆ ಮುಟ್ಟಿದರೆ ಬೆರಳಿಗೆ ಗೊತ್ತಾಗುವುದು, ಎದೆಗೆ ಗೊತ್ತಾಗದು. ಇದು ನನ್ನಲ್ಲಿ ಶೇರಿಂಗಿಗೆ ಬಂದವರ ಹಾಗೆ, ಬಾಗಿಲು ಹಾಕಿಕೊಂಡು ಒಳಗೇ ಇದೆ ಎಂದು ಅವಳು ಹೇಳುತ್ತಿದ್ದಳು.

ಅಕ್ಟೋಬರಿನಲ್ಲಿ ಒಂದು ಸಂಜೆ ನತಾಶಾ ಅಡಿಗೆಮನೆಯ ಮೇಜಿನಲ್ಲಿ ಭೂಗೋಳದ ನಕ್ಷೆ ಬರೆಯುತ್ತಿದ್ದಳು. ತಾಯಿ ಅವಳ ಹಿಂದೆ ಓಡಾಡುತ್ತ, ಇಟ್ಟರೆ ಹೀಗೆ, ತೆಗೆದರೆ ಹಾಗೆ ಎಂದು ಕೋಕಿಲಾಳ ಮುಂದೆ ಹೇಳುತ್ತಲೇ ಇದ್ದಳು. ಹುಡುಗಿ ಪೆನ್ಸಿಲ್ ಇಟ್ಟಳು.

"ಮಮ್ಮಿ, ಡೂ ಯೂ ಲೈಕ್ ಇಟ್?"

"ಇಲ್ಲ" ಎಂದಳು ಮಾರ್ಗರೆಟ್.

ಅಷ್ಟು ಬೇಗ ಬಂದ ಉತ್ತರಕ್ಕೆ ಅವಳೇ ಬೆಚ್ಚಿದಳು. ಹತ್ತು ತಿಂಗಳಲ್ಲಿ ಅವಳು ನಿಂತಲ್ಲೇ ನಿಂತದ್ದು ಬಹುಶಃ ಆಗಲೇ. ನತಾಶಾ "ದೆನ್?" ಎಂದು ಮತ್ತೆ ನಕ್ಷೆಗೆ ಬಗ್ಗಿದಳು.

ಕೋಕಿಲಾ ಒಪ್ಪಲಿಲ್ಲ. "ಇಷ್ಟು ನೋವು ತಿಂದಿದೀಯ, ಇನ್ನೊಂದು ಹೆಜ್ಜೆ ಕಣೇ. ಈಗ ತೆಗೆಸಿದ್ರೆ ಅದೆಲ್ಲಾ ದಂಡ ಅಲ್ವಾ?"

"ತಪ್ಪು ಬಸ್ಸು ಅಂತ ಗೊತ್ತಾದ್ಮೇಲೂ ಟಿಕೇಟು ತೆಗ್ದಾಯ್ತಲ್ಲ ಅಂತ ಕೂತ್ಕೊಳ್ಳುದಾ ಮಾರಾಯ್ತಿ?"

"ಆಮೇಲೆ ಬೇಕಿತ್ತು ಅನ್ನಿಸಿದ್ರೆ?"

"ಅನ್ಸಿದ್ರೆ ಅನ್ಸ್ತದೆ. ಅದು ನನ್ನ ತಲೆನೋವು."

ಹ್ಯೂಬರ್ಟ್ ನವೆಂಬರಿನಲ್ಲಿ ರಜೆ ಹಾಕಿ ಜೊತೆಗೆ ಹೋದ. ಆಪರೇಶನ್ನಿಗೆ ಮೊದಲು ಡಾಕ್ಟರು ಇನ್ನೊಮ್ಮೆ ಕೇಳಿದರು, ಅವಳು ಇನ್ನೊಮ್ಮೆ ಹೇಳಿದಳು. ಚೀಲ ತೆಗೆದು, ಉಳಿದ ಚರ್ಮವನ್ನು ಕತ್ತರಿಸಿ ಚಪ್ಪಟೆಯಾಗಿ ಹೊಲಿದರು. ಗಾಯದ ಒಂದು ತುದಿ ಕೂಡಲು ತಡಮಾಡಿ ಕ್ರಿಸ್‌ಮಸ್‌ವರೆಗೂ ಪಟ್ಟಿ ಬದಲಿಸಬೇಕಾಯಿತು. ಪಟ್ಟಿ ಬದಲಿಸುತ್ತಿದ್ದವಳು ಕೋಕಿಲಾ. ಇಬ್ಬರಿಗೂ ಅದರ ಬಗ್ಗೆ ಜಗಳವಾಡುವಷ್ಟು ಹೊತ್ತು ಸಿಕ್ಕಿತು, ಆಡಿದರು. ಫೆಬ್ರವರಿಯ ಹೊತ್ತಿಗೆ ಮಾರ್ಗರೆಟ್ ಮತ್ತೆ ದೊಡ್ಡ ಹಾಸುಬಟ್ಟೆಗಳಿಗೆ ಮರಳಿದಳು.

ಅವಳು ಅಲ್ಲಿಂದ ನೆಮ್ಮದಿಯಾಗಿದ್ದಳು ಎಂದರೆ ಸುಳ್ಳಾಗುತ್ತದೆ. ಬಟ್ಟೆ ಅಂಗಡಿಯ ಕನ್ನಡಿಯ ಮುಂದಿನಿಂದ ಹಾಕಿ ನೋಡದೆಯೇ ವಾಪಸು ಬಂದದ್ದಿದೆ. ಒಂದು ಮದುವೆಗೆ ಹೊರಟು ನಿಂತು, ಎಡಬದಿಯ ಪ್ಯಾಡು ಸಿಗದೆ ರೇಗಿ, ಯಾರನ್ನೂ ಹೋಗಗೊಡದೆ ಕೂರಿಸಿದ್ದೂ ಇದೆ. ಎರಡು ಸಾವಿರದ ಆರರಲ್ಲಿ ಒಂದು ಬೆಳಿಗ್ಗೆ, ಚಹಾ ಲೋಟ ಹಿಡಿದು ಅವಳು ಕಿಟಕಿಗೂ ಬಾಗಿಲಿಗೂ ನಡೆಯುತ್ತಿರುವಾಗ, ಈಗ ಕೇಳಿದರೆ ಏನು ಹೇಳುತ್ತೀ, ಬೇಕಿತ್ತಾ ಬೇಡವಾಗಿತ್ತಾ ಎಂದು ಕೋಕಿಲಾ ಕೇಳಿಯೇಬಿಟ್ಟಳು.

"ಕೆಲವು ದಿನ ಬೇಕಿತ್ತು ಅಂತ ಕಾಣ್ತದೆ. ಕೆಲವು ದಿನ ನೆನಪೇ ಇರುದಿಲ್ಲ."

"ಇವತ್ತು ಯಾವ ದಿನ?"

"ಇವತ್ತು ಶುಕ್ರವಾರ. ಮೆಷಿನು ನನ್ನದು. ನಿನ್ನ ಬಕೆಟು ತೆಗಿ ಅಲ್ಲಿಂದ."