ಲಿಫ್ಟ್ ನಿಲ್ಲಿಸಿ ಚರ್ಚಿಗೆ ಕರೆಯೋದು

ನಮ್ಮ ಯಜಮಾನರು ಲಿಫ್ಟ್ ರಿಪೇರಿ ಮಾಡ್ತಾರೆ. ಕತ್ತಲೆ ಗುಂಡಿಯಲ್ಲಿ ಹಗ್ಗ ಕಟ್ಕೊಂಡು ನೇತಾಡೋ ಮನುಷ್ಯ. ಇವರಿಗೆ ಭಯ ಅಂದ್ರೇನು ಅಂತಲೇ ಗೊತ್ತಿಲ್ಲ ಅಂತ ಜೊತೆಯಲ್ಲಿ ಕೆಲಸ ಮಾಡೋರೆಲ್ಲ ಹೊಗಳ್ತಾರೆ. ನನ್ನ ಕೇಳಿ, ನಾನು ಹೇಳ್ತೀನಿ. ಪಕ್ಕದ ಮನೆ ಬೆಲ್ ಒತ್ತಿ ಬನ್ನಿ ಅಂದ್ರೆ ಸಾಕು, ಮೈಯೆಲ್ಲ ಬೆವರು.

ಈ ಸಲದ ಕ್ರಿಸ್ಮಸ್‌ಗೆ ಚರ್ಚಿನಲ್ಲಿ ನಾನು ಒಬ್ಬಳೇ ಹಾಡಬೇಕಿತ್ತು. ಇಷ್ಟು ವರ್ಷ ಗುಂಪಿನ ಹಿಂದಿನ ಸಾಲಿನಲ್ಲಿದ್ದವಳು ಮೊದಲ ಸಲ ಮುಂದೆ ನಿಲ್ಲೋದು. ನಮ್ಮ ಬಿಲ್ಡಿಂಗಿನವರು ಯಾರಾದರೂ ಬಂದು ಕೇಳಬೇಕು ಅಂತ ನನಗೆ ಒಂದೇ ಆಸೆ. ನಾನೇ ಹೋಗಿ ನನ್ನ ಹಾಡು ಕೇಳೋಕೆ ಬನ್ನಿ ಅಂದ್ರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತೆ. ಅದಕ್ಕೇ ಇವರಿಗೆ ಹೇಳಿದೆ.

"ಬರಲ್ಲ ಅಂದ್ಬಿಟ್ರೆ?" ಅಂದರು. "ನಮ್ಮನ್ನ ಮತಕ್ಕೆ ಸೇರಿಸೋಕೆ ಬಂದ ಅಂದ್ಕೊಂಡ್ರೆ? ಆಮೇಲೆ ದಿನಾ ಮುಖ ಹೇಗೆ ನೋಡೋದು?"

"ಊಟಕ್ಕೆ ಕರೆದ ಹಾಗೆ ಕರೀರಿ. ಬಂದ್ರೆ ಬಂದ್ರು, ಇಲ್ಲಾಂದ್ರೆ ಇಲ್ಲ."

"ಬಾಗಿಲಲ್ಲಿ ನಿಂತ್ರೆ ನನಗೆ ಮಾತೇ ಹೊರಡಲ್ಲ ಕಣೇ. ಲಿಫ್ಟ್ ಒಳಗಾದ್ರೆ ಧೈರ್ಯ ಬರುತ್ತೆ."

ಎಲ್ಲಾದರೂ ಕರೀಲಿ ಅಂತ ಸುಮ್ಮನಾದೆ. ಈ ಮಹಾನುಭಾವರು ಹೀಗೆ ಮಾಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?

ನಮ್ಮ ಬಿಲ್ಡಿಂಗಿನ ಲಿಫ್ಟ್ ನೋಡ್ಕೊಳ್ಳೋದೂ ಇವರೇ, ಅದನ್ನ ಎಲ್ಲಿ ಬೇಕಾದರೂ ನಿಲ್ಲಿಸೋ ಒಂದು ಕೀ ಇವರ ಜೇಬಿನಲ್ಲೇ ಇರುತ್ತೆ. ಮಾರನೆ ದಿನ ಬೆಳಿಗ್ಗೆ ಪಕ್ಕದ ಮನೆ ಮೇಷ್ಟ್ರು ಹಾಲು ತರೋಕೆ ಇಳಿಯುವಾಗ ಜೊತೆಗೆ ಹತ್ತಿ, ಎರಡು ಮಹಡಿ ನಡುವೆ ಕೀ ತಿರುಗಿಸಿ ನಿಲ್ಲಿಸಿಯೇ ಬಿಟ್ಟರು. ಮೇಷ್ಟ್ರಿಗೆ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ, ನಿಧಾನವಾಗಿ ಕರೀಬಹುದು ಅನ್ನೋ ಲೆಕ್ಕ. ಬಾಯಿ ತೆಗೆದರು. "ಕರೆಂಟು ಸರಿ ಇಲ್ಲ ಮೇಷ್ಟ್ರೇ," ಅಂದರು. ಮತ್ತೆ ಕೀ ತಿರುಗಿಸಿದರು.

ಸಂಜೆ ಮೇಲಿನ ಮನೆಯ ಕನ್ನಡಕದಂಗಡಿಯಮ್ಮ ಸಿಕ್ಕಿಬಿದ್ದರು. ಇವರು ಧೈರ್ಯ ಮಾಡಿ "ಅಮ್ಮಾ, ಕ್ರಿಸ್ಮಸ್..." ಅಂತ ಶುರು ಮಾಡಿದರಂತೆ. ಆಕೆ "ಏನು?" ಅಂತ ಕನ್ನಡಕದ ಮೇಲಿಂದ ನೋಡಿದ್ದೇ ತಡ, "ಕ್ರಿಸ್ಮಸ್ ಒಳಗೆ ರಿಪೇರಿ ಮಾಡಿಕೊಡ್ತೀನಿ," ಅಂದುಬಿಟ್ಟರು.

ಅಯ್ಯೋ ದೇವರೇ! ಸರಿಯಾಗಿರೋ ಲಿಫ್ಟನ್ನ ರಿಪೇರಿ ಮಾಡ್ತೀನಿ ಅಂತ ಮಾತು ಕೊಟ್ಟು ಬಂದ ಮೆಕ್ಯಾನಿಕ್ಕನ್ನ ಕಟ್ಕೊಂಡವಳು ನಾನು.

ಆಮೇಲೆ ದಿನವೂ ಇದೇ ನಾಟಕ. ಹತ್ತಿದವರೆಲ್ಲ ನಡುದಾರಿಯಲ್ಲಿ ನಿಲ್ಲೋದು, ಇವರು ಬೆವರೋದು, ಲಿಫ್ಟ್ ಮತ್ತೆ ಹೊರಡೋದು. ಜನ ಹೆದರಿ ಮೆಟ್ಟಿಲು ಹಿಡಿದರು. ಕನ್ನಡಕದಂಗಡಿಯಮ್ಮನಿಗೆ ಮೊದಲೇ ಮಂಡಿನೋವು, ಆಕೆ ಮಹಡಿಗೊಂದು ಕುರ್ಚಿ ಹಾಕಿಸಿಕೊಂಡರು. ಕೊಟ್ಟ ಮಾತಿಗೆ ಇವರು ಮೆಷಿನ್ ಬಿಚ್ಚಿ ಕೂತರು. ಮೇಷ್ಟ್ರು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತು "ಸಿಕ್ತಾ? ಸಿಕ್ತಾ?" ಅಂತ ಕೇಳ್ತಿದ್ದರು. ಇಲ್ಲದ ತೊಂದರೆ ಎಲ್ಲಿಂದ ಸಿಗಬೇಕು! ಗಟ್ಟಿಯಾಗಿದ್ದ ಬೋಲ್ಟನ್ನೇ ಬಿಚ್ಚಿ, ಒರೆಸಿ, ಮತ್ತೆ ಹಾಕಿ ಬಂದರು.

ಮನೆಗೆ ಬಂದಮೇಲೆ ಸರಿಯಾಗಿ ತರಾಟೆಗೆ ತೊಗೊಂಡೆ. "ರೀ, ಟಾರ್ಚ್ ಹಿಡಿದು ನಿಂತವರನ್ನ ಅಲ್ಲೇ ಕರೀಬಹುದಿತ್ತಲ್ಲ!"

"ಕೆಲಸದ ಮಧ್ಯೆ ಹೇಗೆ ಕರೀಲಿ ಕಣೇ," ಅಂದರು. ನಾನು ತಲೆ ಚಚ್ಕೊಂಡೆ.

ಕೊನೆಗೆ ಕ್ರಿಸ್ಮಸ್ ಹಿಂದಿನ ಭಾನುವಾರ ಬಿಲ್ಡಿಂಗಿನವರೆಲ್ಲ ಕೆಳಗೆ ಸಭೆ ಸೇರಿದರು. ಬೇರೆ ಮೆಕ್ಯಾನಿಕ್ಕನ್ನ ಕರೆಸೋದು ಅಂತ ತೀರ್ಮಾನ. ಮೇಷ್ಟ್ರೇ ಎದ್ದು ನಿಂತು, "ಬೇಜಾರು ಮಾಡ್ಕೋಬೇಡಿ. ಇದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ," ಅಂದರು.

ಇವರು ಎದ್ದರು. ಮುಖ ಬಿಳಿಚಿಕೊಂಡಿತ್ತು. ಈಗಲೂ ಸುಳ್ಳು ಹೇಳಿದ್ರೆ ಇವರ ಜೊತೆ ಮಾತೇ ಬಿಡ್ತೀನಿ ಅಂತ ನಾನು ಹಲ್ಲು ಕಡೀತಾ ಕೂತಿದ್ದೆ.

"ಲಿಫ್ಟ್‌ಗೆ ಏನೂ ಆಗಿಲ್ಲ," ಅಂದರು. "ನಾನೇ ನಿಲ್ಲಿಸ್ತಿದ್ದೆ. ಕ್ರಿಸ್ಮಸ್‌ಗೆ ನಮ್ಮ ಚರ್ಚಿಗೆ ಬನ್ನಿ ಅಂತ ಕರೀಬೇಕಿತ್ತು, ಭಯ ಆಯ್ತು. ನನ್ನ ಹೆಂಡತಿ ಹಾಡ್ತಾಳೆ. ಎಲ್ಲರೂ ಬನ್ನಿ. ಬರದಿದ್ರೂ ಪರವಾಗಿಲ್ಲ... ಇಲ್ಲ ಇಲ್ಲ, ಪರವಾಗಿಲ್ಲ ಅಂತಲ್ಲ. ಬನ್ನಿ."

ಕನ್ನಡಕದಂಗಡಿಯಮ್ಮ, "ಇದಕ್ಕಾ ನನ್ನ ಮಂಡಿ ಸವೆಸಿದ್ದು?" ಅಂತ ಕೂಗಿದರು. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಭೂಮಿ ಬಾಯಿಬಿಟ್ಟು ನನ್ನ ನುಂಗಬಾರದಾ ಅನ್ನಿಸಿತು.

ಮೇಷ್ಟ್ರು ಮಾತ್ರ ನಗಲಿಲ್ಲ. "ನಿಮ್ಮಲ್ಲಿ ಹೊರಗಿನವರನ್ನ ಕರೀಬಾರದು ಅಂತ ಇದೆಯೇನೋ ಅಂದ್ಕೊಂಡಿದ್ದೆ," ಅಂದರು. "ನಿಮ್ಮನೆಯವರು ಅಡುಗೆಮನೇಲಿ ಹಾಡೋವಾಗ ನಮ್ಮಾಕೆ ಗೋಡೆ ಪಕ್ಕ ಕೂತು ಕೇಳ್ತಿದ್ಲು. ಪ್ರತಿ ಕ್ರಿಸ್ಮಸ್‌ಗೂ, ಈ ಸಲ ಕರೀಬಹುದು ಕಣ್ರೀ ಅನ್ನೋಳು. ಕಣ್ಣು ಮುಚ್ಚಿದ ವರ್ಷವೂ ಅಂದಿದ್ಲು."

"ಬಂದು ಕೇಳಬಹುದಿತ್ತಲ್ಲ ಮೇಷ್ಟ್ರೇ," ಅಂದರು ನಮ್ಮವರು, ಸಣ್ಣ ದನಿಯಲ್ಲಿ.

"ನಮಗೂ ಭಯ ಇರಲ್ವೇನ್ರೀ?"

ಮೇಷ್ಟ್ರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆ ಕೇಳ್ತಾ ಕೂತಿರೋದು ನನಗೆ ಒಂದು ದಿನವೂ ಗೊತ್ತಾಗಿರಲಿಲ್ಲ.

ಕ್ರಿಸ್ಮಸ್ ಸಂಜೆ ಬಿಲ್ಡಿಂಗಿಗೆ ಬಿಲ್ಡಿಂಗೇ ಬಂತು. ಚರ್ಚಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಮೇಷ್ಟ್ರು ಮುಂದಿನ ಬೆಂಚಿನಲ್ಲಿ ಕೂತು, ಪಕ್ಕದ ಜಾಗಕ್ಕೆ ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ ಕರ್ಚೀಫ್ ಹಾಕಿದ್ದರು. ಜನರನ್ನ ಕೂರಿಸೋ ಕೆಲಸ ನಮ್ಮವರದು. "ಮೇಷ್ಟ್ರೇ, ಸ್ವಲ್ಪ ಸರೀತೀರಾ?" ಅಂದರು.

"ಜನ ಇದ್ದಾರೆ," ಅಂದರು ಮೇಷ್ಟ್ರು.

ನಮ್ಮವರು ಕರ್ಚೀಫ್ ನೋಡಿದರು. ಆಮೇಲೆ ಅಲ್ಲಿ ಕೂರೋಕೆ ಬಂದವರಿಗೆಲ್ಲ ತಾವೇ ಅಡ್ಡ ನಿಂತು, "ಜನ ಇದ್ದಾರೆ, ಜನ ಇದ್ದಾರೆ," ಅಂತ ಸಾಗಹಾಕಿದರು. ಪಾದ್ರಿಗಳ ತಂಗಿಯನ್ನೂ ಬಿಡಲಿಲ್ಲ! ಆ ಗಲಾಟೆಯಲ್ಲೇ ಪಾದ್ರಿಗಳು ನನ್ನನ್ನ ಹಾಡೋಕೆ ಕರೆದರು. ನಾನು ಎದ್ದು ಹೋಗಿ, ಆ ಖಾಲಿ ಜಾಗದ ಕಡೆ ತಿರುಗಿ ನಿಂತು ಹಾಡಿದೆ.