ಇಲ್ಲದ ಬ್ರೇಕು

ನಮ್ಮ ಮನೆಯ ಕಾರಿನಲ್ಲಿ, ಓಡಿಸುವವರ ಪಕ್ಕದ ಸೀಟಿನ ಮುಂದೆ ಹಾಸಿರುವ ರಬ್ಬರ್ ಮ್ಯಾಟಿನಲ್ಲಿ ನಿಪ್ಪಟ್ಟಿನಷ್ಟು ಅಗಲದ ಒಂದು ಗುಳಿ ಬಿದ್ದಿದೆ. ಇಲಿ ಕಡಿದದ್ದಲ್ಲ, ಬಿಸಿ ಪಾತ್ರೆ ಇಟ್ಟು ಸುಟ್ಟದ್ದೂ ಅಲ್ಲ. ಎರಡು ಚಳಿಗಾಲಗಳಿಂದ ನನ್ನ ಬಲಗಾಲಿನ ಹಿಮ್ಮಡಿ ಅಲ್ಲೇ ಊರಿ, ಅಲ್ಲೇ ಒತ್ತಿ ಕೊರೆದದ್ದು. ಮುಂದಿನ ಗಾಡಿಯ ಹಿಂದೀಪ ಕೆಂಪಾಯಿತೆಂದರೆ ಸಾಕು, ನನ್ನ ಕಾಲು ನನ್ನನ್ನು ಕೇಳದೆ ಮುಂದೆ ಹೋಗಿ, ಅಲ್ಲಿ ಇಲ್ಲವೇ ಇಲ್ಲದ ಬ್ರೇಕನ್ನು ಒತ್ತಿಬಿಡುತ್ತಿತ್ತು. ನೀವೂ ಒತ್ತಿದ್ದೀರಿ, ಇಲ್ಲವೆನ್ನಬೇಡಿ. ಓಡಿಸುವವರು ಗಂಡನೇ ಇರಲಿ, ಮಗಳೇ ಇರಲಿ, ಪಕ್ಕದಲ್ಲಿ ಕೂತವರ ಪಾಲಿಗೆ ಕಾರು ಯಾವಾಗಲೂ ತುಸು ಹೆಚ್ಚೇ ಜೋರಾಗಿ ಹೋಗುತ್ತಿರುತ್ತದೆ. ನಿಮ್ಮದು ಆಗೊಮ್ಮೆ ಈಗೊಮ್ಮೆ ಇರಬಹುದು. ನನ್ನದು ನಿತ್ಯವ್ರತವಾಗಿತ್ತು, ಅಷ್ಟೇ ವ್ಯತ್ಯಾಸ.

ಮೊದಲು ನಾನು ಹೀಗಿರಲಿಲ್ಲ. ಮಗಳನ್ನು ಈಜಿಗೆ, ಪಿಟೀಲಿಗೆ, ಗೆಳತಿಯರ ಹುಟ್ಟುಹಬ್ಬಕ್ಕೆ ಎಂದು ಈ ನ್ಯೂಜರ್ಸಿಯ ಉದ್ದಗಲಕ್ಕೂ ಹೊತ್ತು ತಿರುಗಿದವಳು, ಟರ್ನ್‌ಪೈಕ್ ಹೆದ್ದಾರಿಯ ದೈತ್ಯ ಲಾರಿಗಳ ನಡುವೆ ಜಡಿಮಳೆಯಲ್ಲೂ ಹಾಡು ಗುನುಗುತ್ತ ಓಡಿಸಿದವಳು ನಾನು. ಎರಡು ಚಳಿಗಾಲದ ಹಿಂದೆ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟಾಗ, ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಬ್ಲ್ಯಾಕ್ ಐಸ್ ಎಂಬ ತೆಳು ಮಂಜುಗಡ್ಡೆ ಕಟ್ಟಿತ್ತು. ಕಣ್ಣಿಗೆ ಬರೀ ಒದ್ದೆ ರಸ್ತೆ. ಚಕ್ರಕ್ಕೆ ಮಾತ್ರ ಅದು ಗಾಜು. ಕಾರು ಜಾರಿತು, ಬ್ರೇಕು ಒತ್ತಿದೆ, ಕಾಲಡಿಯಲ್ಲಿ ಪೆಡಲು ಗಡಗಡ ನಡುಗಿತೇ ಹೊರತು ಕಾರು ನನ್ನ ಮಾತು ಕೇಳಲಿಲ್ಲ. ಮುರಿದೇಹೋಯಿತೆಂದು ಹೆದರಿ ಕಾಲು ತೆಗೆದುಬಿಟ್ಟೆ. ಗಾಡಿ ಗಿರಕಿ ಹೊಡೆದು, ಬಂದ ದಾರಿಯತ್ತಲೇ ಮುಖ ಮಾಡಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ನನ್ನ ಮೂಗಿನ ಮುಂದೆ ಬಂದು ನಿಂತಿತು.

ಕಾರಿಗೆ ಒಂದು ಗೀರೂ ಆಗಲಿಲ್ಲ, ನನಗೂ ಆಗಲಿಲ್ಲ. ಅದೇ ನೋಡಿ ತೊಂದರೆಯಾದದ್ದು. ಕೈ ಮುರಿದಿದ್ದರೆ ನಾಲ್ಕು ಜನ ಸಾರು ಮಾಡಿ ತಂದು ಕೊಡುತ್ತಿದ್ದರು, ಪಾಪ ಅನ್ನುತ್ತಿದ್ದರು. ಏನೂ ಆಗದವಳ ಭಯಕ್ಕೆ ಯಾರು ಮರ್ಯಾದೆ ಕೊಡುತ್ತಾರೆ? ಬಂದವರೆಲ್ಲ ದೇವರು ದೊಡ್ಡವನು ಎಂದು ಕಾಫಿ ಕುಡಿದು ಹೋದರು. ನಾನು ಅಂದಿನಿಂದ ಸ್ಟಿಯರಿಂಗ್ ಮುಟ್ಟಲಿಲ್ಲ. ನಾವಿರುವ ಮನ್ರೋದಂಥ ಊರಿನಲ್ಲಿ, ರೈಲಿಲ್ಲದ, ಕೊತ್ತಂಬರಿ ಸೊಪ್ಪಿಗೂ ಕಾರನ್ನೇ ಏರಬೇಕಾದ ಕಡೆ, ಕಾರು ಓಡಿಸುವುದನ್ನು ಬಿಟ್ಟವರ ಕಾಲು ಹೋದಂತೆಯೇ ಸರಿ. ಲ್ಯಾಬಿನ ಕೆಲಸಕ್ಕೆ ಇವರು ಬಿಡಬೇಕು, ಇವರೇ ಕರೆತರಬೇಕು. ಎಲ್ಲಿಗೆ ಹೊರಟರೂ ಮುಖ ನೋಡಿ ಕೇಳಬೇಕಾದ ಆ ಬದುಕು ನನಗೆ ಒಳಗೊಳಗೇ ಅವಮಾನವಾಗಿತ್ತು.

ಈ ವರ್ಷ ಹೂ ಬಿಡುವ ಕಾಲಕ್ಕೆ ಮಗಳು ಜರ್ಸಿ ಸಿಟಿಯಿಂದ ಫೋನ್ ಮಾಡಿ, ತಾನು ಬಸುರಿ ಎಂದಳು. ಅತ್ತದ್ದು, ನಕ್ಕದ್ದು, ದೇವರಿಗೆ ತುಪ್ಪದ ದೀಪ ಹಚ್ಚಿದ್ದು ಎಲ್ಲ ಆಯಿತು. ಕೊನೆಯಲ್ಲಿ ಅವಳು, “ಅಮ್ಮ, ಅಕ್ಟೋಬರ್‌ನಲ್ಲಿ ಯು ವಿಲ್ ಬಿ ಹಿಯರ್, ರೈಟ್? ನಾನು ಕರೆದಾಗ?” ಎಂದು ಕೇಳಿದಳು.

“ಬರದೇ ಏನು ಪುಟ್ಟಿ,” ಅಂದೆ. ಫೋನ್ ಇಟ್ಟ ಮೇಲೆ ಲೆಕ್ಕ ಹಾಕತೊಡಗಿದೆ. ಅವಳದು ಹೊಳೆಯಂಚಿನ ಅಪಾರ್ಟ್‌ಮೆಂಟ್ ಗೋಪುರದಲ್ಲಿ ಒಂದೇ ಕೋಣೆಯ ಗೂಡು. ಅಲ್ಲೇ ಬೀಡು ಬಿಟ್ಟು ಬಾಣಂತನ ಮಾಡುವ ಹಾಗಿಲ್ಲ. ನನ್ನ ಕೆಲಸವನ್ನೂ ಬಿಡುವ ಹಾಗಿಲ್ಲ. ಹರಳೆಣ್ಣೆ, ಓಮದ ಕಷಾಯ, ಅಂಟಿನುಂಡೆ, ಬಿಸಿ ಸಾರು ಹೊತ್ತು ವಾರವಿಡೀ ಹೋಗಿ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹುಟ್ಟುವ ಕೂಸು ಅಜ್ಜನ ಮೀಟಿಂಗ್ ಮುಗಿಯಲೆಂದು ಹೊಟ್ಟೆಯೊಳಗೆ ಕಾದು ಕೂರುತ್ತದೆಯೇ, ನೀವೇ ಹೇಳಿ.

ಇಂಥ ಹೊತ್ತಿನಲ್ಲಿ ನಮ್ಮ ಮನೆಯವರು ಇನ್ನೊಂದು ಕಾರು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದರು. ಎರಡೇ ಬಾಗಿಲಿನ, ನೆಲಕ್ಕೆ ಮೂಗು ತಾಗಿಸಿಕೊಂಡಂತಿದ್ದ ಹಳೆಯ ಕೂಪೆ. ಬಣ್ಣ ಮಾಸಿತ್ತು, ಚಕ್ರದ ಮೇಲಂಚಿಗೆ ತುಕ್ಕು ಹಿಡಿದಿತ್ತು, ಇಂಜಿನ್ ಮಾತ್ರ ಹುಲಿ, ರೇಸ್ ಟ್ರ್ಯಾಕಿಗೆ ಹೇಳಿ ಮಾಡಿಸಿದ್ದು ಎಂದು ಇವರ ವಾದ. ಮನೆಯ ದುಡ್ಡೆಲ್ಲ ಈ ಕೂಪಕ್ಕೇ ಬಿತ್ತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

“ಏನ್ರೀ ಇದು? ತಾತ ಆಗೋ ವಯಸ್ಸಲ್ಲಿ ರೇಸು?”

“ರೇಸಲ್ಲ ಕಣೆ, ಟ್ರ್ಯಾಕ್ ಡೇ. ಅಲ್ಲಿ ಯಾರೂ ಗೆಲ್ಲಲ್ಲ, ಯಾರೂ ಸೋಲಲ್ಲ. ಹೆಲ್ಮೆಟ್ ಹಾಕ್ಕೊಂಡು ನಮ್ಮ ಕಾರನ್ನೇ ಓಡಿಸಿ ಕಲಿಯೋದು. ಹೊಸಬರ ಪಕ್ಕದಲ್ಲಿ ಹೇಳಿಕೊಡೋರು ಕೂತ್ಕೋತಾರೆ.”

ನಾನು ಮುಖ ಊದಿಸಿಕೊಂಡು ಒಳಗೆ ಹೋದೆ. ಆದರೂ ಗ್ಯಾರೇಜಿನ ಫ್ರೀಜರಿನಿಂದ ಬಟಾಣಿ ತರುವ ನೆಪದಲ್ಲಿ ಇಣುಕುವುದು ತಪ್ಪಲಿಲ್ಲ. ಕಾರನ್ನು ಟ್ರ್ಯಾಕಿಗೆ ಅಣಿ ಮಾಡುವುದೆಂದರೆ ಏನೇನೋ ಹಚ್ಚಿ ಸಿಂಗರಿಸುವುದೆಂದು ನಾನು ಎಣಿಸಿದ್ದೆ. ನೋಡಿದರೆ ಬರೀ ಕಳಚುವ ಕೆಲಸ. ಹಿಂದಿನ ಸೀಟು ಹೋಯಿತು, ನೆಲದ ಕಾರ್ಪೆಟ್ ಹೋಯಿತು, ಸ್ಪೀಕರು, ಹೆಚ್ಚುವರಿ ಚಕ್ರ ಎಲ್ಲ ಒಂದೊಂದಾಗಿ ಗೋಡೆಗೆ ಒರಗಿದವು. ಇಷ್ಟು ವರ್ಷ ಆ ಬಡಪಾಯಿ ಇದನ್ನೆಲ್ಲ ಯಾಕಾದರೂ ಹೊತ್ತು ತಿರುಗಿತೋ ಅನ್ನಿಸಿತು. ನಮ್ಮ ಅಟ್ಟದ ಡಬ್ಬಗಳೂ ನೆನಪಾದವು. ಮಗಳ ಒಂದನೇ ತರಗತಿಯ ಸ್ವೆಟರು, ಮುಚ್ಚಳ ಕಳೆದ ಕುಕ್ಕರು, ಹೊರೆ ಎಂದು ತಿಳಿದೂ ಬಿಡಲಾರದ ಎಷ್ಟೋ. ಭಾರ ಇಳಿಸುವುದು ಅಗ್ಗದ ಕೆಲಸ, ಸ್ಪ್ಯಾನರ್ ಒಂದಿದ್ದರೆ ಸಾಕು, ಎನ್ನುತ್ತಿದ್ದರು ಇವರು. ಕಾರಿನ ಮಟ್ಟಿಗೆ ಅದು ಸರಿ.

ಒಂದು ಸಂಗತಿ ಮಾತ್ರ ನನಗೆ ಬಹಳ ಹಿಡಿಸಿತು. ಇವರಿಗೆ ತಮ್ಮೊಬ್ಬರಿಗೆ ರೇಸಿನವರ ಸೀಟು, ಹೆಗಲ ಮೇಲಿಂದ ಬಿಗಿಯುವ ಪಟ್ಟಿ ಹಾಕಿಸಿಕೊಳ್ಳುವ ಆಸೆಯಿತ್ತು. ಆದರೆ ಟ್ರ್ಯಾಕ್ ನಡೆಸುವ ಕ್ಲಬ್ಬಿನ ನಿಯಮ ಬೇರೆಯೇ ಇತ್ತು: ಓಡಿಸುವವನಿಗೆ ಎಂಥ ಸೀಟೋ, ಎಂಥ ಬೆಲ್ಟೋ, ಪಕ್ಕದವನಿಗೂ ಅಂಥದ್ದೇ ಇರಬೇಕು. ಎರಡಕ್ಕೆ ಖರ್ಚು ಜಾಸ್ತಿಯೆಂದು ಹಳೆಯ ಸೀಟುಗಳನ್ನೇ ಉಳಿಸಿಕೊಂಡರು. ಎಷ್ಟು ನ್ಯಾಯದ ಮಾತು! ಓಡಿಸುವವನಿಗೆ ಕೈಯಲ್ಲಿ ಚಕ್ರವಾದರೂ ಇದೆ, ಪಕ್ಕದಲ್ಲಿ ಕೂತವರಿಗೆ ನಂಬಿಕೆ ಬಿಟ್ಟು ಬೇರೇನಿದೆ? ಮದುವೆಯಲ್ಲಿ ಮಂತ್ರದ ಜೊತೆಗೆ ಈ ನಿಯಮವನ್ನೂ ಓದಿಸಬೇಕಿತ್ತು ಎಂದು ಇವರಿಗೆ ಕೇಳುವಂತೆಯೇ ಹೇಳಿದೆ.

ಇಂಜಿನ್ನಿಗೆ ಇವರು ಕೈಯನ್ನೇ ಹಾಕಲಿಲ್ಲ. ಕಡಿಮೆ ಖರ್ಚಿನಲ್ಲಿ ಮಾಡುವವರು ಮೊದಲು ಬ್ರೇಕು ನೋಡಬೇಕಂತೆ. ನಿಲ್ಲುತ್ತದೆಂಬ ಧೈರ್ಯವಿದ್ದವನಿಗಷ್ಟೇ ಓಡಿಸುವ ಧೈರ್ಯ ಬರುವುದಂತೆ. ಅಂತೂ ಒಂದು ಭಾನುವಾರ ಮಧ್ಯಾಹ್ನ, ನಾನು ಅಂಟಿನುಂಡೆಗೆ ಒಣಕೊಬ್ಬರಿ ತುರಿಯುತ್ತಿದ್ದಾಗ, ಗ್ಯಾರೇಜಿನಿಂದ ಕೂಗು ಬಂತು.

“ಸ್ವಲ್ಪ ಬಾರೇ ಇಲ್ಲಿ. ಬ್ರೇಕ್ ಆಯಿಲ್ ಬದಲಾಯಿಸ್ಬೇಕು, ಒಬ್ಬನ ಕೈಲಿ ಆಗಲ್ಲ.”

ಹೋಗಿ ನೋಡಿದರೆ ಕೂಪೆಗೆ ಚಕ್ರವೇ ಇಲ್ಲ. ನಾಲ್ಕೂ ಮೂಲೆಗೆ ಕಬ್ಬಿಣದ ಕಾಲು ಕೊಟ್ಟು ಎತ್ತಿ ನಿಲ್ಲಿಸಿದ್ದಾರೆ. ಇವರು ಬಾಟಲಿ, ಕೊಳವೆ ಹಿಡಿದು ಹಿಂಬದಿಯಲ್ಲಿ ನೆಲಕ್ಕೆ ಕೂತಿದ್ದಾರೆ. ನಾನು ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕು ಒತ್ತಬೇಕು. ಚಕ್ರವಿಲ್ಲದ ಕಾರು ಎಲ್ಲಿಗೆ ತಾನೇ ಹೋದೀತು ಎಂದು ನನ್ನನ್ನು ನಾನೇ ಗದರಿಸಿಕೊಂಡು ಹತ್ತಿ ಕೂತೆ.

“ಒತ್ತು,” ಎಂದರು ಹಿಂದಿನಿಂದ. “ಹಿಡ್ಕೋ. ನಾನು ಹೇಳೋವರೆಗೂ ಬಿಡಬೇಡ, ಬಿಟ್ರೆ ಗಾಳಿ ಒಳಗೆ ಹೋಗತ್ತೆ.”

ಒತ್ತಿದೆ. ಕಾಲಿನ ಕೆಳಗೆ ಪೆಡಲು ಬೆಣ್ಣೆಯಂತೆ ಕುಸಿದು ನೆಲಕ್ಕೆ ತಾಗಿತು. ಅಯ್ಯೋ, ಇಲ್ಲೂ ಅದೇ ಗತಿಯೇ ಅನ್ನಿಸಿ ಕಾಲು ಹಿಂದೆ ಬರಲು ಹವಣಿಸಿತು. ಬಿಡಲಿಲ್ಲ. ಇವರು ಬಿಡು ಎಂದಾಗ ಬಿಟ್ಟೆ, ಒತ್ತು ಎಂದಾಗ ಒತ್ತಿದೆ. ಒಳಗೆ ಸೇರಿದ್ದ ಗಾಳಿಯ ಗುಳ್ಳೆಗಳು ಕೊಳವೆಯಲ್ಲಿ ಬರುತ್ತಿವೆ ಎಂದು ಹೇಳುತ್ತಿದ್ದರು, ಆಮೇಲೆ ಕಡಿಮೆಯಾದವೆಂದರು, ಆಮೇಲೆ ನಿಂತವೆಂದರು. ಅಷ್ಟರಲ್ಲಿ ನನ್ನ ಕಾಲಿಗೇ ಗೊತ್ತಾಗತೊಡಗಿತ್ತು: ಪೆಡಲು ಒಂದೊಂದು ಸಲಕ್ಕೂ ಒಂದಿಷ್ಟು ಗಟ್ಟಿಯಾಗುತ್ತಿತ್ತು. ಕೊನೆಗೆ ಅದು ನನ್ನ ಪಾದಕ್ಕೆ ಎದುರು ನಿಂತು, ಒತ್ತಿದಷ್ಟೇ ಬಲವಾಗಿ ಉತ್ತರ ಕೊಟ್ಟಿತು. ಎರಡು ಚಳಿಗಾಲ ಶೂನ್ಯವನ್ನೇ ಒತ್ತಿ ಸವೆದ ಕಾಲು ಅದು. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಕೆಲಸ ಮುಗಿದರೂ ನಾನು ಇಳಿಯಲಿಲ್ಲ. ಇವರು ಕೈ ಒರೆಸಿಕೊಳ್ಳುತ್ತ ಕಿಟಕಿಯ ಬಳಿ ಬಂದು, “ಟ್ರ್ಯಾಕ್ ಡೇಗೆ ಒಂದೇ ಕಾರಿನಲ್ಲಿ ಇಬ್ಬರು ಹೆಸರು ಕೊಡಬಹುದಂತೆ,” ಎಂದರು, ಹವಾಮಾನದ ಸುದ್ದಿ ಹೇಳುವವರ ಹಾಗೆ.

“ತಲೆ ಕೆಟ್ಟಿದೆಯಾ ನಿಮಗೆ?” ಅಂದೆ. ಆದರೆ ಮರುವಾರ ಹೆಲ್ಮೆಟ್ ಅಂಗಡಿಯಲ್ಲಿ ತುರುಬು ಬಿಚ್ಚಿ ಅಳತೆ ಕೊಟ್ಟವಳೂ ನಾನೇ. ಇವರು ಈ ಕಾರನ್ನು ತಂದದ್ದು ನಿಜಕ್ಕೂ ತಮ್ಮ ಆಸೆಗೋ, ನನ್ನನ್ನು ಎಬ್ಬಿಸಲೆಂದೋ, ನಾನು ಇವತ್ತಿಗೂ ಕೇಳಿಲ್ಲ. ಕೇಳಿದರೆ ಹೂಂ, ನಿನಗಾಗಿಯೇ ಎಂದುಬಿಡುತ್ತಾರೆ. ಅಷ್ಟೊಂದು ಪುಣ್ಯ ಅವರೊಬ್ಬರಿಗೇ ಹೋಗುವುದು ನನಗಿಷ್ಟವಿಲ್ಲ.

ಸೆಪ್ಟೆಂಬರಿನಲ್ಲಿ, ದಕ್ಷಿಣ ಜರ್ಸಿಯ ಪೈನ್ ಮರಗಳಾಚೆಗಿನ ಟ್ರ್ಯಾಕಿಗೆ ಅದೇ ಕೂಪೆಯಲ್ಲಿ ಹೋದೆವು. ತಪಾಸಣೆಯವರು ಕಾರಿನೊಳಗೆ ಸಡಿಲವಾದದ್ದು ಏನೂ ಇರಕೂಡದೆಂದಾಗ, ನಾನು ಗುಟ್ಟಾಗಿ ಇಟ್ಟಿದ್ದ ಪುಟ್ಟ ಗಣಪತಿ ನನ್ನ ಕೈಚೀಲ ಸೇರಿದ. ನನಗೆ ಹೇಳಿಕೊಡಲು ಬಂದವರು ನನ್ನಷ್ಟೇ ವಯಸ್ಸಿನ ಒಬ್ಬಾಕೆ, ವಾರದ ದಿನಗಳಲ್ಲಿ ದಂತವೈದ್ಯೆ. ಹಲ್ಲು ಕೀಳುವವರ ಆ ತಣ್ಣನೆಯ ದನಿ ಇಲ್ಲಿಯೂ ಇತ್ತು. ಮೊದಲು ನನ್ನನ್ನು ನೀರು ಹರಿಸಿದ್ದ ಒಂದು ದೊಡ್ಡ ಅಂಗಳಕ್ಕೆ ಕರೆದೊಯ್ದರು. ಮೈಸೂರಿನಲ್ಲಿ ಕಲಿತ ಕ್ಲಚ್ಚು, ಗೇರು ಮರೆತಿರಲಿಲ್ಲ. ವೇಗ ಏರಿಸು ಎಂದರು, ಏರಿಸಿದೆ. ನೀರು ಬಂತು. ಈಗ ಬ್ರೇಕು, ಪೂರ್ತಿ, ಎಂದರು.

ಒತ್ತಿದೆ. ಪೆಡಲು ಗಡಗಡ ನಡುಗಿತು. ಅದೇ ನಡುಕ, ಆ ತಿರುವಿನದೇ! ಕಾಲು ತೆಗೆಯುವುದರಲ್ಲಿದ್ದೆ. ಬಿಡಬೇಡ, ಎಂದರು ಆಕೆ ಇಂಗ್ಲಿಷಿನಲ್ಲಿ; ನನಗೆ ಕೇಳಿಸಿದ್ದು ಗ್ಯಾರೇಜಿನ ಕನ್ನಡದ ದನಿ. ಬಿಡಲಿಲ್ಲ. ಸ್ಟಿಯರಿಂಗ್ ತಿರುಗಿಸಿದೆ, ಕಾರು ನಡುಗುತ್ತಲೇ ನಾನು ಹೇಳಿದ ಕಡೆಗೆ ಹೊರಳಿ, ನೀರು ಚಿಮ್ಮಿಸಿ, ಸುಮ್ಮನೆ ನಿಂತಿತು. ಆ ನಡುಕ ಬ್ರೇಕು ಕೆಟ್ಟದ್ದರ ಗುರುತಲ್ಲ, ಚಕ್ರಗಳು ಜಾರದಂತೆ ಅದು ಹಿಡಿದು ಬಿಟ್ಟು ಹಿಡಿದು ದುಡಿಯುವ ರೀತಿಯೇ ಹಾಗೆ, ಎಂದು ಆಕೆ ವಿವರಿಸಿದರು. ಎಲ್ಲರಿಗೂ ಗೊತ್ತಿರುವ ಮಾತಂತೆ. ನನಗೂ ಯಾರೋ ಹೇಳಿದ್ದರೇನೋ. ಕಿವಿಗೆ ಹೇಳಿದ್ದು ಕಾಲಿಗೆ ತಲುಪಿರಲಿಲ್ಲ. ನಡುಗುವುದೆಂದರೆ ಸೋತದ್ದೆಂದೇ ತಿಳಿದಿದ್ದೆನಲ್ಲ ಇಷ್ಟು ದಿನ, ಪೆಡಲಿನ ವಿಷಯದಲ್ಲಿ ಮಾತ್ರವಲ್ಲ, ನನ್ನ ವಿಷಯದಲ್ಲೂ! ಕೈ ನಡುಗುತ್ತಿದ್ದರೂ ಕೆಲಸ ಸಾಗುತ್ತದೆ. ಆಮೇಲೆ ಟ್ರ್ಯಾಕಿನಲ್ಲಿ ಸುತ್ತು ಹಾಕಿದೆ. ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು, ನಾನು ರಾಣಿಯ ಹಾಗೆ ದಾರಿ ಬಿಟ್ಟುಕೊಟ್ಟೆ. ಇವರು ಬೇಲಿಯಾಚೆ ನಿಂತು ಎರಡೂ ಕೈ ಬೀಸುತ್ತಿದ್ದರು.

ಆಮೇಲೆ ಲ್ಯಾಬಿಗೆ, ತರಕಾರಿಗೆ ಒಬ್ಬಳೇ ಹೋಗಿ ಬರತೊಡಗಿದೆ. ಟರ್ನ್‌ಪೈಕ್ ಮಾತ್ರ ಬಾಕಿಯಿತ್ತು. ಅಕ್ಟೋಬರಿನ ಒಂದು ಬೆಳಿಗ್ಗೆ, ಸಣ್ಣಗೆ ಮಳೆ ಹನಿಯುತ್ತಿದ್ದಾಗ, ಫೋನ್ ಬಂತು.

“ಅಮ್ಮ, ಇಟ್ಸ್ ಟೈಮ್. ಹಾಸ್ಪಿಟಲ್‌ಗೆ ಹೊರಟ್ವಿ. ಆರ್ ಯು ಕಮಿಂಗ್?”

“ಬಂದೆ ಪುಟ್ಟಿ, ಬಂದೇಬಿಟ್ಟೆ.”

ಮನೆಯಿಂದಲೇ ಕೆಲಸ ಮಾಡುತ್ತಿದ್ದ ಇವರು ಲ್ಯಾಪ್‌ಟಾಪ್ ಮುಚ್ಚಿ, ರೂಢಿಯಂತೆ ಕಾರಿನ ಕೀ ತೆಗೆದುಕೊಂಡು ಹೊರಟರು. ನಾನು ಬಾಗಿಲಲ್ಲಿ ನಿಂತು ಕೈ ಚಾಚಿದೆ. ನನ್ನ ಮುಖ ನೋಡಿ, ಕೀಯನ್ನು ಅಂಗೈಗೆ ಹಾಕಿದರು. ಅಂಟಿನುಂಡೆಯ ಡಬ್ಬ ತೊಡೆಯ ಮೇಲಿಟ್ಟುಕೊಂಡು, ಮನೆಯ ಕಾರಿನಲ್ಲಿ, ನನ್ನ ಜಾಗದಲ್ಲಿ ಕೂತರು. ಟರ್ನ್‌ಪೈಕ್ ಹತ್ತಿದೆವು. ಒದ್ದೆ ರಸ್ತೆ, ಎರಡೂ ಬದಿಗೆ ಲಾರಿಗಳು, ಕೈ ನಡುಗುತ್ತಲೇ ಇತ್ತು; ಇರಲಿ ಎಂದು ಬಿಟ್ಟೆ. ನ್ಯೂವಾರ್ಕ್ ಹತ್ತಿರ ಮುಂದಿದ್ದ ಗಾಡಿಗಳ ಹಿಂದೀಪಗಳೆಲ್ಲ ಒಮ್ಮೆಲೇ ಕೆಂಪಾದವು. ಬ್ರೇಕು ಒತ್ತಿದೆ. ಕಾರು ನಿಂತಿತು. ಪಕ್ಕದಲ್ಲಿ ಧಡ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಇವರ ಬಲಗಾಲಿನ ಹಿಮ್ಮಡಿ ನನ್ನ ಗುಳಿಯಲ್ಲಿ ಗಟ್ಟಿಯಾಗಿ ಊರಿಕೊಂಡಿತ್ತು.

ನಾನು ನೋಡಿದ್ದು ಕಂಡು ಮೆಲ್ಲಗೆ ಕಾಲು ಹಿಂದಕ್ಕೆಳೆದುಕೊಂಡರು.

“ಈ ಮ್ಯಾಟು ಪೂರ್ತಿ ಹಾಳಾಗಿದೆ ಕಣೆ. ವಾಪಸ್ ಬರೋವಾಗ ಹೊಸದು ತಗೊಳ್ಳೋಣ,” ಎಂದರು.

“ಇರಲಿ ಬಿಡಿ,” ಅಂದೆ, ಮುಂದೆ ದಾರಿ ತೆರೆಯುತ್ತಿದ್ದಂತೆ. “ಇನ್ಮೇಲೆ ನಿಮಗೆ ಬೇಕಾಗತ್ತೆ.”