ನಂಜವ್ವನ ಐದು ಅರ್ಜಿಗಳು

ಕೊಳ್ಳೇಗಾಲ ಇನ್ನೂ ಮದ್ರಾಸ್ ಸೀಮೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಊರಿನ ಆಸ್ಪತ್ರೆಗೆ ಬಂದಿದ್ದ ಡಾಕ್ಟರಮ್ಮನಿಗೆ ತಮಿಳು ಬಿಟ್ಟರೆ ಇಂಗ್ಲಿಷು. ಹನೂರು, ಕೌದಳ್ಳಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಹೆಂಗಸರಿಗೆ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ರೇಷ್ಮೆ ನೇಕಾರ ಹೊನ್ನಯ್ಯನ ಮಗಳು ಶಿವನಂಜಮ್ಮನಿಗೆ ಕನ್ನಡ, ತಮಿಳು ಎರಡೂ ಬರುತ್ತಿತ್ತು. ಹತ್ತು ವರ್ಷದ ಹುಡುಗಿ ತಾಯಿಯ ಕೈನೋವಿಗೆ ಔಷಧಿ ತರಲು ಹೋದವಳು ಒಂದು ದಿನ ನಡುವೆ ನಿಂತು ಮಾತು ದಾಟಿಸಿದಳು. ಆಮೇಲೆ ಡಾಕ್ಟರಮ್ಮನೇ ಪ್ರತಿ ಶನಿವಾರ ಅವಳನ್ನು ಕರೆಸಿಕೊಳ್ಳತೊಡಗಿದರು.

ಹೆಂಗಸರು ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟುತ್ತಿದ್ದರು. ಗಂಡನಿಗೂ ಹೇಳದ ನೋವುಗಳು. ಅದರಲ್ಲಿ ಅರ್ಧ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅರ್ಥವಾದದ್ದರಲ್ಲಿ ಅರ್ಧಕ್ಕೆ ತಮಿಳು ಮಾತು ಸಿಗುತ್ತಿರಲಿಲ್ಲ. ಒಮ್ಮೆ ಒಬ್ಬಳು ಅಳುತ್ತಾ ಬಹಳ ಹೊತ್ತು ಹೇಳಿಕೊಂಡಳು. ಹುಡುಗಿ ಡಾಕ್ಟರಿಗೆ ಹೇಳಿದ್ದು ಇಷ್ಟೇ, ಹೊಟ್ಟೆನೋವಂತೆ. ಆ ಹೆಂಗಸು ಒಂದು ಸೀಸೆ ಔಷಧಿ ಹಿಡಿದು, ಬಾಗಿಲಿನ ತನಕ ತಿರುಗಿ ತಿರುಗಿ ನೋಡುತ್ತಾ ಹೋದಳು.

ಆ ಸಂಜೆ ಮಗಳು ಅಪ್ಪನ ಮಗ್ಗದ ಪಕ್ಕ ಬಂದು ಕೂತಳು. "ಅಪ್ಪ, ನಾನೇ ಡಾಕ್ಟ್ರಾದ್ರೆ ಮಧ್ಯದಲ್ಲಿ ಯಾರೂ ಬ್ಯಾಡ ಅಲ್ವಾ?"

ಹೊನ್ನಯ್ಯ ಲಾಳಿ ನಿಲ್ಲಿಸಿ ಅವಳ ಮುಖ ನೋಡಿದ. "ಆಗು ಕಣ್ ನಂಜವ್ವ. ಓದು," ಎಂದ. ಅವನು ಆಮೇಲೆ ಆ ಮಾತಿನಿಂದ ಹಿಂದೆ ಸರಿಯಲೇ ಇಲ್ಲ.

ಕೊಯಮತ್ತೂರಿನಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಅವಳು ಇಂಟರ್‌ಮೀಡಿಯೆಟ್ ಮುಗಿಸಿದಳು. ಐವತ್ತಾರರ ಬೇಸಿಗೆಯಲ್ಲಿ ಮೆಡಿಕಲ್ ಸೀಟಿಗಾಗಿ ಮದ್ರಾಸಿಗೆ ಮೊದಲ ಅರ್ಜಿ ಹೋಯಿತು. ಅಂಕ ಸಾಲಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು ಓದಿ ಒಂದು ವಿಷಯದ ಪರೀಕ್ಷೆ ಮತ್ತೆ ಬರೆದಳು. ಅಷ್ಟರಲ್ಲಿ ನವೆಂಬರ್ ಬಂದು, ರಾಜ್ಯಗಳ ಗಡಿ ಬದಲಾಗಿ, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಮದ್ರಾಸಿಗೆ ಕಳಿಸಿದ ಅರ್ಜಿ ಹಾಗೇ ಹಿಂದೆ ಬಂತು. ನಿಮ್ಮ ತಾಲ್ಲೂಕು ಈಗ ನಮ್ಮದಲ್ಲ, ಮೈಸೂರಿನಲ್ಲಿ ಕೇಳಿಕೊಳ್ಳಿ ಎಂದು ಜೊತೆಗೊಂದು ಕಾಗದ. ಅದು ಕೈಸೇರುವ ಹೊತ್ತಿಗೆ ಮೈಸೂರಿನ ಕಡೆಯ ದಿನಾಂಕವೂ ಮುಗಿದಿತ್ತು.

ಐವತ್ತೆಂಟರಲ್ಲಿ ಮೂರನೆಯ ಅರ್ಜಿ ಮೈಸೂರಿಗೆ ಹೋಯಿತು, ಸಂದರ್ಶನಕ್ಕೆ ಕರೆದರು. ಐದು ಮಂದಿ ಕೂತಿದ್ದರು. ಒಬ್ಬರು, "ಮದುವೆಯಾದ ಮೇಲೆ ಈ ಸೀಟು ದಂಡ ಆಗುತ್ತಲ್ಲಮ್ಮ?" ಎಂದು ಕೇಳಿದರು. ಅಂಥ ಪ್ರಶ್ನೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಕಾಗದಪತ್ರ ಎತ್ತಿಕೊಂಡು, ನಮಸ್ಕಾರ ಹೇಳಿ ಹೊರಗೆ ಬಂದುಬಿಟ್ಟಳು. ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ.

"ಇನ್ನು ಸಾಕು ಮಾಡವ್ವ," ಎಂದಳು ತಾಯಿ ಪುಟ್ಟಮಾದಮ್ಮ. "ನಿನ್ ವಾರಿಗೆಯೋರೆಲ್ಲ ಕೂಸು ಎತ್ಕಂಡವ್ರೆ."

ಶಿವನಂಜಮ್ಮ ಯಳಂದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹಂಗಾಮಿ ಮೇಡಂ ಕೆಲಸ ಹಿಡಿದು ಅಲ್ಲೇ ಒಂದು ಕೋಣೆ ಮಾಡಿಕೊಂಡಳು. ಬೆಳಗಿನ ಮೈಸೂರು ಬಸ್ಸು ಶಾಲೆಯ ಮುಂದೆಯೇ ಹಾದುಹೋಗುತ್ತಿತ್ತು. ಆ ಸದ್ದಿಗೆ ಅವಳ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ಅರೆಗಳಿಗೆ ನಿಲ್ಲುತ್ತಿತ್ತು. ಸದ್ದು ಹೊಳೆಯಾಚೆ ಅಡಗಿದ ಮೇಲೆ ವಾಕ್ಯ ಮುಂದುವರಿಯುತ್ತಿತ್ತು. ಭಾನುವಾರ ಮಧ್ಯಾಹ್ನ ಕದ ಹಾಕಿಕೊಂಡು ಹಳೆಯ ಪ್ರಾಣಿಶಾಸ್ತ್ರದ ಪುಸ್ತಕ ತೆಗೆಯುವಳು. ಮನುಷ್ಯನ ಹೃದಯದ ಚಿತ್ರವನ್ನು ಪುಸ್ತಕ ನೋಡದೆ ಬರೆಯುವಳು. ಇನ್ನು ಇದರಿಂದ ಏನುಪಯೋಗ ಎಂದುಕೊಂಡು ಹರಿದುಹಾಕುವಳು. ಮುಂದಿನ ಭಾನುವಾರ ಮತ್ತೆ ಬರೆಯುವಳು.

ಮರುವರ್ಷ ಹೊನ್ನಯ್ಯ ಯಾರನ್ನೋ ಹಿಡಿದು ಫಾರಂ ತರಿಸಿಕೊಂಡು ಯಳಂದೂರಿಗೆ ಬಂದ.

"ನಂಗೆ ಬ್ಯಾಡಪ್ಪ," ಎಂದಳು ಮಗಳು. "ಮೂರು ಸಲ ಆಯ್ತು. ನಾಚ್ಕೆ ಆಯ್ತದೆ."

"ಬರಿಯೋದು ನಾ ಬರೀತೀನಿ. ನೀ ಒಂದು ರುಜು ಆಕು ಸಾಕು."

ಅವನ ಬಾಯಿ ಮುಚ್ಚಿಸಲೆಂದು ಖಾಲಿ ಫಾರಮಿನ ಕೆಳಗೆ ರುಜು ಹಾಕಿಕೊಟ್ಟಳು. ಹೊನ್ನಯ್ಯನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಸೆರಗಿನ ಬುಟ್ಟಾಗಳ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಬರೆದು ಪಳಗಿದ ಕೈ ಅದು. ಮೊದಲ ಸಲದ ಅರ್ಜಿಯದೊಂದೇ ನಕಲು ಪೆಟ್ಟಿಗೆಯಲ್ಲಿತ್ತು. ಮೂರು ದಿನ ಮಗ್ಗ ನಿಲ್ಲಿಸಿ, ಅದನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಇಳಿಸಿದ. ಅಂಕ ಮತ್ತು ತಾರೀಖುಗಳನ್ನು ಮಾತ್ರ ಪೋಸ್ಟ್ ಮಾಸ್ತರರನ್ನು ಕೇಳಿ ಸರಿಮಾಡಿಕೊಂಡ.

ಜುಲೈಯಲ್ಲಿ ಒಂದು ದಿನ ತರಗತಿ ನಡೆಯುತ್ತಿರುವಾಗಲೇ ಹೊನ್ನಯ್ಯ ಶಾಲೆಯ ಬಾಗಿಲಲ್ಲಿ ನಿಂತಿದ್ದ. ಮೈಯೆಲ್ಲ ಬೆವರು, ಕೈಯಲ್ಲೊಂದು ಲಕೋಟೆ.

"ಕರ್ದವ್ರೆ ಕಣವ್ವ! ಪೋಸ್ಟ್‌ನೋರು ಮೆಡಿಕಲ್ ಕಾಲೇಜಿಂದು ಅಂದ್ರು. ಬಿಚ್ಚಿಸ್ನಿಲ್ಲ. ನೀನೇ ಓದ್ಲಿ ಅಂತ ಅಂಗೇ ತಕಂಡ್ ಬಂದೆ."

ಅವಳು ವರಾಂಡಕ್ಕೆ ಬಂದು ಬಿಚ್ಚಿದಳು. ಸಂದರ್ಶನದ ಕರೆಯೇ. ತಾರೀಖು ಕಳೆದು ನಾಲ್ಕು ದಿನವಾಗಿತ್ತು. ಲಕೋಟೆಯನ್ನು ತಿರುಗಿಸಿ ನೋಡಿದಳು. ಮೇಲೆ ಎರಡೆರಡು ಊರಿನ ಮುದ್ರೆಗಳು. ಕೊಳ್ಳೇಗಾಲ, ಕೊಯಮತ್ತೂರು ಜಿಲ್ಲೆ ಎಂಬ ವಿಳಾಸ ಹೊತ್ತು ಕಾಗದ ಕೊಯಮತ್ತೂರಿಗೆ ಹೋಗಿ, ಅಲ್ಲಿ ಅಲೆದು ಮರಳಿತ್ತು. ಅರ್ಜಿಯಲ್ಲಿದ್ದ ವಿಳಾಸವನ್ನೇ ಅವರು ಬರೆದಿದ್ದರು. ಅಪ್ಪ ಇಳಿಸಿದ್ದು ಐವತ್ತಾರರ ವಿಳಾಸ.

ಹೊನ್ನಯ್ಯ ಅವಳ ಮುಖವನ್ನೇ ನೋಡುತ್ತಿದ್ದ. "ಏನಂತವ್ರೆ?"

ಅವಳು ಕಾಗದವನ್ನು ನಿಧಾನವಾಗಿ ಮಡಿಸಿದಳು. "ಈ ವರ್ಷದ ಸೀಟು ತುಂಬೋಗವಂತೆ ಅಪ್ಪ. ಬರೋ ವರ್ಷ ತಪ್ದಂಗೆ ಅರ್ಜಿ ಆಕು ಅಂತ ಬರ್ದವ್ರೆ."

"ಅಂದ್ರೆ ನಮ್ಮುನ್ನ ಗುರ್ತು ಮಡಿಕಂಡವ್ರೆ ಅನ್ನು."

"ಊಂ ಅಪ್ಪ."

ಹೊನ್ನಯ್ಯ ಅವಳ ಕೋಣೆಯಲ್ಲಿ ಮುದ್ದೆ ಉಂಡು, ಖುಷಿಯಲ್ಲಿ ಎರಡು ಸಲ ಎಲೆಯಡಿಕೆ ಹಾಕಿಕೊಂಡು, ಸಂಜೆಯ ಬಸ್ಸಿಗೆ ಹೊರಟ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ನಗುಮುಖದಲ್ಲೇ ಕೈ ಬೀಸಿದಳು. ಕೋಣೆಗೆ ಬಂದು ಕದ ಹಾಕಿದ ಮೇಲೆ ಅತ್ತಳು. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ? ಮೂರು ದಿನ ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಅಕ್ಷರ ತಿದ್ದಿದ ಅಪ್ಪನ ಬೆನ್ನು ಕಣ್ಣ ಮುಂದೆ ಬರುತ್ತಿತ್ತು. ಆದರೂ ಆ ನಾಲ್ಕು ದಿನ ಅವಳನ್ನು ತಿಂಗಳುಗಟ್ಟಲೆ ನಿದ್ದೆಯಲ್ಲೂ ಬಿಡಲಿಲ್ಲ.

ಬರುವ ವರ್ಷ ಎಂದು ತಾನೇ ಹೇಳಿಯಾಗಿತ್ತು. ಐದನೆಯ ಅರ್ಜಿಯನ್ನು ಅವಳು ಬರೆದದ್ದು ಹೆಚ್ಚಾಗಿ ಆ ಸುಳ್ಳಿಗಾಗಿ.

ಅರವತ್ತರ ಸಂದರ್ಶನದಲ್ಲಿ ಹಿರಿಯರೊಬ್ಬರು ಕಡತ ನೋಡಿ, "ಹೋದ ವರ್ಷ ಕರೆದಾಗ ಯಾಕಮ್ಮ ಬರಲಿಲ್ಲ?" ಎಂದರು.

"ವಿಳಾಸ ತಪ್ಪಾಗಿತ್ತು ಸರ್. ನಾನೇ ಗಮನಿಸಿರಲಿಲ್ಲ."

"ಇಷ್ಟು ಸಲ ಬರ್ತಾ ಇದ್ದೀಯಲ್ಲ. ಏನಕ್ಕೆ ಇಷ್ಟು ಹಟ?"

ಈ ಸಲ ಅವಳು ಹಿಂಜರಿಯಲಿಲ್ಲ. ಆಸ್ಪತ್ರೆಯ ಶನಿವಾರಗಳನ್ನು ಹೇಳಿದಳು. ಆ ಹೆಂಗಸು ತಿರುಗಿ ತಿರುಗಿ ನೋಡುತ್ತಾ ಹೋದದ್ದನ್ನು ಹೇಳಿದಳು. "ಅವಳಿಗೆ ಏನಾಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಸರ್," ಎಂದಳು.

ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದು ಅವಳ ಹೆಸರು. ಹೊನ್ನಯ್ಯ ಬೀದಿಯ ಮನೆಮನೆಗೂ ಸಕ್ಕರೆ ಹಂಚಿ, "ಮೊದ್ಲು ಅವ್ರು ಗುರ್ತು ಮಡಿಕಂಡಿದ್ದು ನಾ ಬರ್ದ ಅರ್ಜೀನೆಯ," ಎಂದು ಹೇಳಿಕೊಂಡು ಬಂದ. ಮಗಳು ಹೌದೆಂದು ತಲೆಯಾಡಿಸಿದಳು.

ಮೈಸೂರಿನಲ್ಲಿ ಜೊತೆಯವರೆಲ್ಲ ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಅಕ್ಕ ಅಕ್ಕ ಎನ್ನುತ್ತಿದ್ದರು. ಓದು, ಹೌಸ್ ಸರ್ಜನ್ ಕೆಲಸ ಎಲ್ಲ ಮುಗಿದು ಅರವತ್ತೆಂಟರಲ್ಲಿ ಹನೂರಿನ ಆಸ್ಪತ್ರೆಗೆ ಹಾಕಿದರು. ಅಲ್ಲಿಗೆ ಕೌದಳ್ಳಿಯಿಂದ ಬರುವವರು ಕನ್ನಡದಲ್ಲಿ, ಪಾಲಾರ್ ಕಡೆಯವರು ತಮಿಳಿನಲ್ಲಿ ನೋವು ಹೇಳಿಕೊಳ್ಳುತ್ತಿದ್ದರು. ಅವಳು ಜೊತೆಗೆ ಬಂದವರನ್ನೆಲ್ಲ ಹೊರಗೆ ಕಳಿಸಿ, ಕದ ಮುಂದೆ ಮಾಡಿ, ಅವರು ಹೇಳಿ ಮುಗಿಸುವ ತನಕ ಕೇಳುತ್ತಿದ್ದಳು. ಅವಳ ಕೋಣೆಯ ಮುಂದಿನ ಸಾಲು ಮಧ್ಯಾಹ್ನ ಮೂರಾದರೂ ಕರಗುತ್ತಿರಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ನಿಂತುಹೋಯಿತು. ಅದಕ್ಕೆ ಅವಳು ಅಷ್ಟಾಗಿ ಕೊರಗಿದಂತೆ ಕಾಣಲಿಲ್ಲ.

ಎಪ್ಪತ್ತೊಂದರಲ್ಲಿ ಪುಟ್ಟಮಾದಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ತನ್ನ ಜೊತೆ ಕರೆತಂದಳು. ಹೊನ್ನಯ್ಯನ ಕಣ್ಣು ಮಂಜಾಗಿತ್ತು, ಮಗ್ಗವನ್ನು ಮಗ ಬಸವಣ್ಣ ನೋಡಿಕೊಳ್ಳುತ್ತಿದ್ದ. ಹನೂರಿನಲ್ಲಿ ಎಲ್ಲರೂ ಡಾಕ್ಟ್ರಮ್ಮನ ಅಪ್ಪ ಎಂದು ಕೂರಿಸಿ ಮಾತಾಡಿಸುವರು. ಆದರೆ ದಿನವೂ ಸಂಜೆ ಅವನು ಕೋಲೂರಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ, ಕೊಳ್ಳೇಗಾಲದ ಬಸ್ಸು ಬಂದು ಹೋಗುವುದನ್ನು ನೋಡಿಕೊಂಡು ಬರುತ್ತಿದ್ದ.

ಒಂದು ದಿನ ಮಗಳು ಕೇಳಿದಳು. "ಇಲ್ಲಿ ಏನ್ ಕಮ್ಮಿಯಾಗದೆ ಅಪ್ಪ?"

"ಏನೂ ಕಮ್ಮಿ ಇಲ್ಲ ಕಣವ್ವ." ಅವನು ಸಂಕೋಚದಿಂದ ನಕ್ಕ. "ಬೆಳಗಾಗೆದ್ರೆ ಮಗ್ಗದ ಸದ್ದಿಲ್ಲ. ಕಿವಿ ಅದನ್ನೇ ಉಡುಕ್ತದೆ."

ಅವನು ತನ್ನ ಜೊತೆಯಲ್ಲಿರಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ದಿನವೆಲ್ಲ ದುಡಿದು ಮನೆಗೆ ಬಂದರೆ ನಂಜವ್ವ ಎಂದು ಕರೆಯುವವನು ಅವನೊಬ್ಬನೇ. ಕೊಳ್ಳೇಗಾಲಕ್ಕೆ ವರ್ಗ ಕೇಳಿ ಬರೆದಳು, ಸಿಗಲಿಲ್ಲ. ಮುಂದಿನ ಭಾನುವಾರ ಅವನ ಬಟ್ಟೆಯ ಗಂಟನ್ನು ತಾನೇ ಹೊತ್ತು, ಅವನೊಂದಿಗೆ ಕೊಳ್ಳೇಗಾಲದ ಬಸ್ಸು ಹತ್ತಿದಳು.

ತಮ್ಮ ಬೀದಿಯ ತುದಿಯಲ್ಲಿಳಿದಾಗ ಹತ್ತಾರು ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಹೊನ್ನಯ್ಯ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಕಣ್ಣು ಕಾಣುವವನ ಹಾಗೆ ಬಿರುಸಾಗಿ ನಡೆದ. ಅವಳು ಗಂಟು ಹೊತ್ತು ಹಿಂದೆಯೇ ನಡೆದಳು. ಮಧ್ಯಾಹ್ನ ಎರಡರ ಬಸ್ಸಿಗೆ ಅವಳು ಹನೂರಿಗೆ ಮರಳಬೇಕಿತ್ತು.